ಆರು ಫೇಲು, ಒಂದು ಕಾರವಾನ್

ಕುವೈತಿನ ಡ್ರೈವಿಂಗ್ ಟೆಸ್ಟಿನಲ್ಲಿ ಆರು ಸಲ ಫೇಲಾದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹೇಳದಿದ್ದರೆ ನನ್ನ ಗಂಡ ಡೆನಿಸ್ ಹೇಳುತ್ತಾರೆ. ಮಂಗಾಫಿನ ನಮ್ಮ ಫ್ಲಾಟಿಗೆ ಯಾರೇ ಊಟಕ್ಕೆ ಬರಲಿ, ಕೋರಿ ರೊಟ್ಟಿ ತಟ್ಟೆಗೆ ಬೀಳುವ ಮೊದಲೇ ಈ ವಿಷಯ ಮೇಜಿನ ಮೇಲೆ ಬಿದ್ದಿರುತ್ತಿತ್ತು. "ನಮ್ಮ ಮೊಲ್ಲಿ ಆಸ್ಪತ್ರೆಯಲ್ಲಿ ಹೆಡ್ ನರ್ಸ್. ಡಾಕ್ಟರುಗಳನ್ನೇ ಹೆದರಿಸ್ತಾಳೆ. ಸ್ಟಿಯರಿಂಗ್ ಹಿಡಿದ್ರೆ ಮಾತ್ರ ಮುಗೀತು, ಖಲಾಸ್!" ಬಂದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೆ ಮೈ ಉರಿಯುತ್ತಿತ್ತು.

ಗಾಡಿ ಬಿಡಲು ನನಗೆ ಬರುವುದಿಲ್ಲವೆಂದಲ್ಲ. ಕಲ್ಯಾಣಪುರದಲ್ಲಿ ನನ್ನ ಪಪ್ಪನಿಗೆ ಒಂದು ಟ್ರ್ಯಾಕ್ಟರ್ ಇತ್ತು. ಗದ್ದೆಯ ಕೆಲಸ ಮುಗಿದ ಮೇಲೆ ಅದರ ಹಿಂದೆ ಟ್ರೈಲರ್ ಕಟ್ಟಿಕೊಂಡು ಮಲ್ಪೆಯ ದಕ್ಕೆಗೆ ಮಂಜುಗಡ್ಡೆ ಸಾಗಿಸುತ್ತಿದ್ದರು. ದಕ್ಕೆಯಲ್ಲಿ ಬೋಟು ಬಂದು ನಿಂತಾಗಿನ ಗದ್ದಲ ನೋಡಿದವರಿಗೇ ಗೊತ್ತು. ಬುಟ್ಟಿಗಳು, ಲಾರಿಗಳು, ಬಾಯಿ ಜೋರಿನ ಹೆಂಗಸರು, ನಡುವೆ ಬೆಕ್ಕುಗಳು. ಅಷ್ಟರ ಮಧ್ಯೆ ಟ್ರೈಲರನ್ನು ರಿವರ್ಸಿನಲ್ಲಿ ನೀರಿನ ಅಂಚಿನವರೆಗೆ ತರಬೇಕು. ಹದಿನೆಂಟು ವರ್ಷದ ನನಗೆ ಪಪ್ಪ ಅದನ್ನು ಕಲಿಸಿದರು, ಆಮೇಲೆ ಕಾರಿನ ಲೈಸೆನ್ಸನ್ನೂ ಮಾಡಿಸಿಕೊಟ್ಟರು. ಊರಿಗೆ ಹೋದಾಗ ಅದನ್ನು ತಪ್ಪದೆ ರಿನ್ಯೂ ಮಾಡಿಸುತ್ತಾ, ನರ್ಸಿಂಗ್ ಸರ್ಟಿಫಿಕೇಟಿನ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದೆ.

ಕುವೈತಿನಲ್ಲಿ ಎಲ್ಲ ಅದಲು ಬದಲು. ಗಾಡಿ ಹೋಗುವುದು ರಸ್ತೆಯ ಬಲಕ್ಕೆ, ಸ್ಟಿಯರಿಂಗ್ ಇರುವುದು ಕಾರಿನ ಎಡಕ್ಕೆ. ಅದನ್ನೂ ಕಲಿಯುತ್ತಿದ್ದೆ. ಆದರೆ ಆರು ಟೆಸ್ಟಿಗೂ ಡೆನಿಸ್ ರಜೆ ಹಾಕಿ ಬಂದರು. ಮೈದಾನದ ಬೇಲಿಯಾಚೆ ನಿಂತು, ಶುಐಬಾದ ಕಾರ್ಖಾನೆಯಲ್ಲಿ ಕ್ರೇನಿನವನಿಗೆ ಸನ್ನೆ ಮಾಡುವ ಹಾಗೆ ನನಗೂ ಕೈಸನ್ನೆ ಮಾಡುತ್ತಿದ್ದರು. ಟೆಸ್ಟಿನಲ್ಲಿ ಕಾರನ್ನು ಹಿಂದಕ್ಕೆ ಬಿಟ್ಟು ಕಂಬಗಳ ನಡುವೆ ನಿಲ್ಲಿಸಬೇಕು. ರಿವರ್ಸ್ ಹಾಕಿದ ಕೂಡಲೇ ನನ್ನ ಕಣ್ಣು ಹಿಂದಿನ ಕಂಬ ಬಿಟ್ಟು ಆ ಕೈಗಳ ಕಡೆಗೆ ಹೋಗುತ್ತಿತ್ತು. ಆಮೇಲೆ ಕಂಬಕ್ಕೆ ಬಡಿದ ಸದ್ದು. ಡ್ರೈವಿಂಗ್ ಕಲಿಸುವ ಸೈದು ಬಂಟ್ವಾಳ ಕಡೆಯ ಬ್ಯಾರಿ, ನೇರ ಮಾತಿನವನು. "ಮೊಲ್ಲಿಯಕ್ಕ, ನೀವು ಒಬ್ರೇ ಇದ್ರೆ ಚಂದ ಬಿಡ್ತೀರಿ. ಡೆನಿಸಣ್ಣ ಬಂದ್ರೆ ಕಂಬಕ್ಕೆ ಗುದ್ತೀರಿ. ಎಂತ ಅದು?" ಎಂದು ಕೇಳಿದ್ದ. ಗಂಡನಿಗೆ ಬರಬೇಡಿ ಎನ್ನುವ ಧೈರ್ಯ ನನಗಿರಲಿಲ್ಲ.

ಲೈಸೆನ್ಸ್ ನನಗೆ ಶೋಕಿಗೆ ಬೇಕಾಗಿರಲಿಲ್ಲ. ೧೯೯೪ರ ಒಂದು ಮಧ್ಯಾಹ್ನ ಧೂಳಿನ ಬಿರುಗಾಳಿ ಎದ್ದಿತ್ತು. ಇಲ್ಲಿಯವರು ಅದನ್ನು ತೋಝ್ ಎನ್ನುತ್ತಾರೆ. ಕಿಟಕಿಯಾಚೆ ಎಲ್ಲ ಇಟ್ಟಿಗೆ ಬಣ್ಣ. ಹತ್ತು ವರ್ಷದ ನಮ್ಮ ಅಲಿಶಾಳಿಗೆ ಉಬ್ಬಸ ಶುರುವಾಯಿತು. ಪಂಪಿನ ಔಷಧಿ ಕೊಟ್ಟೆ, ಹಿಡಿತಕ್ಕೆ ಬರಲಿಲ್ಲ. ನೀಲಿಗಟ್ಟುತ್ತಿದ್ದ ಮಗುವಿನ ತುಟಿ ನೋಡಿ ನನಗೆ ಗೊತ್ತಾಯಿತು, ಈಗಲೇ ಆಸ್ಪತ್ರೆಗೆ ಹೋಗಬೇಕು. ಡೆನಿಸ್ ಕಂಪನಿ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿದ್ದರು. ನಮ್ಮ ಬಿಳಿ ಕಾರು ಕೆಳಗೇ ಇತ್ತು. ಕೀ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಶುಐಬಾಕ್ಕೆ ಫೋನ್ ಮಾಡಿದೆ. ಡೆನಿಸ್ ಕೂಗಿದರು, "ಮೊಲ್ಲಿ, ಕಾರು ಮುಟ್ಬೇಡ! ಲೈಸೆನ್ಸ್ ಇಲ್ಲದೆ ಹಿಡಿದ್ರೆ ಇಕಾಮಾ ಹೋಗ್ತದೆ, ಎಲ್ರನ್ನೂ ಊರಿಗೆ ಕಳಿಸ್ತಾರೆ. ನಿನ್ನ ಕೈಯಲ್ಲಿ ಆಗ್ಲಿಕ್ಕಿಲ್ಲ. ಟ್ಯಾಕ್ಸಿ ಹಿಡಿ!"

ಆ ಧೂಳಿನಲ್ಲಿ ಯಾವ ಟ್ಯಾಕ್ಸಿ? ಮಗುವನ್ನು ಒದ್ದೆ ಟವೆಲಿನಲ್ಲಿ ಸುತ್ತಿ ಎತ್ತಿಕೊಂಡು ರಸ್ತೆಯಲ್ಲಿ ನಿಂತೆ. ಕೊನೆಗೆ ಬೇಕರಿಯ ವ್ಯಾನಿನವನೊಬ್ಬ, ಯಾವ ದೇಶದವನೋ, ಹೆಸರೂ ಕೇಳಲಿಲ್ಲ, ರೊಟ್ಟಿಯ ಟ್ರೇಗಳನ್ನು ಪಕ್ಕಕ್ಕೆ ಸರಿಸಿ ನಮ್ಮನ್ನು ಕೂರಿಸಿಕೊಂಡ. ಅಲಿಶಾ ಉಳಿದಳು. ಡೆನಿಸ್ ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಇಕಾಮಾ ಎಂಬ ವಾಸದ ಪರವಾನಗಿಯ ಕಾನೂನು ಹಾಗೇ ಇತ್ತು. ಆದರೆ 'ನಿನ್ನ ಕೈಯಲ್ಲಿ ಆಗ್ಲಿಕ್ಕಿಲ್ಲ' ಎಂಬ ಮಾತು ನನ್ನ ಎದೆಯೊಳಗೆ ಹಾಗೇ ಕೂತುಬಿಟ್ಟಿತು. ಮರುವಾರವೇ ಹೋಗಿ ಸೈದುವಿನ ಬಳಿ ಹೆಸರು ಬರೆಸಿದೆ. ಆರು ಫೇಲುಗಳ ಕಥೆ ಶುರುವಾದದ್ದು ಹಾಗೆ.

೨೦೦೦ದ ನವೆಂಬರಿನಲ್ಲಿ ನನ್ನ ತಮ್ಮ ಕ್ಲೆಮೆಂಟ್ ನಮ್ಮನ್ನು ಆಸ್ಟ್ರೇಲಿಯಾಕ್ಕೆ ಕರೆಸಿಕೊಂಡ. ಅವನಿರುವುದು ಪರ್ತ್‌ನಲ್ಲಿ. ಅಲಿಶಾ ಅಷ್ಟು ಹೊತ್ತಿಗೆ ಮಂಗಳೂರಿನ ಹಾಸ್ಟೆಲಿನಲ್ಲಿ ಪಿಯುಸಿ ಓದುತ್ತಿದ್ದಳು. ಮದುವೆಯಾದ ಮೇಲೆ ನಾವಿಬ್ಬರೇ ಎಲ್ಲಿಗೂ ಹೋದದ್ದಿರಲಿಲ್ಲ. ಕ್ಲೆಮೆಂಟಿನ ಹತ್ತಿರ ಒಂದು ಕಾರವಾನ್ ಇತ್ತು. ಎರಡು ಮಂಚ, ಒಂದು ಗ್ಯಾಸ್ ಒಲೆ, ಪುಟ್ಟ ಸಿಂಕು, ಎಲ್ಲ ಇರುವ ಒಂದು ಕೋಣೆಯ ಮನೆ, ಕೆಳಗೆ ಚಕ್ರ. ಕಾರಿನ ಹಿಂದಿನ ಕೊಂಡಿಗೆ ಸಿಕ್ಕಿಸಿ ಎಳೆದುಕೊಂಡು ಹೋಗಬೇಕು. "ಎರಡು ವಾರ ಇದನ್ನು ತಕೊಂಡು ಸಮುದ್ರದ ಬದಿಯಲ್ಲೇ ಉತ್ತರಕ್ಕೆ ಹೋಗಿ. ಎಲ್ಲ ಮೀನುಗಾರರ ಊರುಗಳು. ಅಕ್ಕನಿಗೆ ಮಲ್ಪೆ ನೆನಪಾಗ್ತದೆ" ಎಂದ.

ಅವನಿಗೆ ಒಂದೇ ಚಿಂತೆ. ಅಲ್ಲಿ ಗಾಡಿ ಹೋಗುವುದು ನಮ್ಮ ಊರಿನ ಹಾಗೆ ಎಡಕ್ಕೆ. ಡೆನಿಸ್ ಡ್ರೈವಿಂಗ್ ಕಲಿತದ್ದೇ ಕುವೈತಿನಲ್ಲಿ. ಊರಿಗೆ ಹೋದಾಗ ಬಾಡಿಗೆ ಕಾರಿನಲ್ಲಿ ಹಿಂದೆ ಕೂರುವವರು. ಎಡಕ್ಕೆ ಒಂದು ಮೈಲಿಯೂ ಗಾಡಿ ಬಿಟ್ಟವರಲ್ಲ. ಕ್ಲೆಮೆಂಟ್ ಒಂದು ಚೀಟಿಯಲ್ಲಿ 'ಎಡಕ್ಕೆ, ಭಾವ, ಎಡಕ್ಕೆ' ಎಂದು ಬರೆದು ಸ್ಟಿಯರಿಂಗಿನ ಮುಂದೆ ಅಂಟಿಸಿದ. "ಹದಿನೇಳು ವರ್ಷದಲ್ಲಿ ಒಂದು ಗೀರು ಇಲ್ಲ ನನ್ನ ಗಾಡಿಗೆ. ನನಗೆ ಚೀಟಿ ಅಂಟಿಸ್ತಾನೆ ಇವ!" ಎಂದು ಡೆನಿಸ್ ಪರ್ತ್ ದಾಟುವುದರೊಳಗೆ ಅದನ್ನು ಕಿತ್ತು ಬಿಸಾಡಿದರು.

ಮೊದಲೆರಡು ದಿನ ನಗುವುದೇ ನನ್ನ ಕೆಲಸ. ತಿರುಗುವಾಗೆಲ್ಲ ಡೆನಿಸ್ ಇಂಡಿಕೇಟರ್ ಹಾಕಲು ಹೋಗಿ ವೈಪರ್ ಹಾಕುತ್ತಿದ್ದರು. ಆ ಬಿರುಬಿಸಿಲಿನಲ್ಲಿ ನಮ್ಮ ಕಾರು ಗಾಜು ಒರೆಸಿಕೊಳ್ಳುತ್ತಾ ತಿರುಗುತ್ತಿತ್ತು. ಬೆಳಿಗ್ಗೆ ಹೊರಡುವಾಗ ಅಭ್ಯಾಸಬಲದಿಂದ ಎಡಬಾಗಿಲು ತೆರೆದು ಕೂರುವರು, ಮುಂದೆ ಸ್ಟಿಯರಿಂಗ್ ಇಲ್ಲ. ಆಗ ಮ್ಯಾಪ್ ಹುಡುಕುವವರ ಹಾಗೆ ನಟನೆ. "ಸಿಕ್ಕಿತಾ?" ಎಂದು ನಾನು ಕೇಳುತ್ತಿದ್ದೆ. ಸರ್ವಾಂಟೆಸ್ ಎಂಬ ಊರಿನಲ್ಲಿ ಕಡಲ ಬದಿಗೆ ಕಾರವಾನ್ ನಿಲ್ಲಿಸಿ ಮೀನು ಸಾರು ಮಾಡಿದೆ. ಕುವೈತಿನಿಂದ ಕಟ್ಟಿಕೊಂಡು ಹೋಗಿದ್ದ ಮೆಣಸಿನ ಪುಡಿ, ಅಲ್ಲಿಯ ಹೆಸರು ಗೊತ್ತಿಲ್ಲದ ಮೀನು. ಪಕ್ಕದ ಕಾರವಾನಿನ ಮುದುಕಿ ವಾಸನೆ ಹಿಡಿದು ಬಂದು ಎರಡು ಸಲ ಬಡಿಸಿಕೊಂಡಳು. ಫಹಾಹೀಲ್ ಮಾರ್ಕೆಟಿನಲ್ಲಿ ಝುಬೈದಿ ಎಂದು ಮಾರುವ ನಮ್ಮ ಮಾಂಜಿ ಮೀನು ಸಿಕ್ಕಿದ್ದರೆ ಅವಳನ್ನು ಹೊತ್ತುಕೊಂಡೇ ಕುವೈತಿಗೆ ಬರಬೇಕಾಗುತ್ತಿತ್ತು.

ಮೂರನೆಯ ದಿನ ಜೂರಿಯನ್ ಬೇ ಎಂಬ ಊರಿನಲ್ಲಿ ಬೆಳಿಗ್ಗೆ ಬೋಟುಗಳನ್ನು ನೋಡಿಕೊಂಡು, ಮೀನಿನ ಅಂಗಡಿಯ ಅಂಗಳದಿಂದ ರಸ್ತೆಗೆ ಬಂದೆವು. ಒಂದು ನರಪಿಳ್ಳೆ ಇಲ್ಲದ ರಸ್ತೆ. ಒಂದು ಬದಿಗೆ ನೀಲಿ ಸಮುದ್ರ, ಇನ್ನೊಂದು ಬದಿಗೆ ಕುರುಚಲು ಗಿಡ. ಡೆನಿಸ್ ಖುಷಿಯಲ್ಲಿ ಹಾಡು ಗುನುಗುತ್ತಿದ್ದರು. ನಾನು ಕಿತ್ತಳೆ ಸುಲಿಯುತ್ತಿದ್ದೆ. ಎಲ್ಲ ಸರಿಯಾಗಿದೆ, ಈಗಷ್ಟೇ ಸರಿಯಾಗಿದೆ ಎಂದು ನನಗೆ ಅನ್ನಿಸಿತು. ಅನ್ನಿಸದೆ ಏನು? ನಾವು ಹೋಗುತ್ತಿದ್ದದ್ದು ಬಲಕ್ಕೆ. ಅಪ್ಪಟ ಕುವೈತಿನವರಂತೆ ರಸ್ತೆಯ ಬಲಭಾಗ ಹಿಡಿದು, ಇಬ್ಬರಿಗೂ ಒಂದಿಷ್ಟೂ ಅನುಮಾನ ಬಾರದೆ, ಒಂದು ಕಿಲೋಮೀಟರ್ ಹೋಗಿದ್ದೆವು.

ತಿರುವಿನಲ್ಲಿ ಎದುರಿಗೆ ಲಾರಿ ಬಂತು. ಅದರ ತುಂಬ ಸಿಗಡಿಯ ದೊಡ್ಡಣ್ಣನಂಥ ಕ್ರೇಫಿಶ್ ಹಿಡಿಯುವ ಮರದ ಪಂಜರಗಳು. ಹಾರ್ನ್ ಕಿವಿಯಲ್ಲೇ ಊದಿದ ಹಾಗಾಯಿತು. ಡೆನಿಸ್ ಇನ್ನೂ ಬಲಕ್ಕೆ ಎಳೆದರು. ಕಾರು ರಸ್ತೆ ಬಿಟ್ಟು ಮರಳಿಗೆ ಇಳಿಯಿತು, ಹಿಂದಿನ ಕಾರವಾನ್ ಬಾಲ ಬೀಸಿತು, ಒಳಗೆ ಪಾತ್ರೆಗಳೆಲ್ಲ ಬಿದ್ದವು. ನಿಂತೆವು. ಲಾರಿಯವನೂ ನಿಲ್ಲಿಸಿ ಓಡಿ ಬಂದ. ಕೆಂಪು ಮುಖದ ಮುದುಕ. ಬೈಯುತ್ತಾನೆಂದುಕೊಂಡೆ. ಕಿಟಕಿಯಲ್ಲಿ ಬಗ್ಗಿ, ಇಬ್ಬರಿಗೂ ಪೆಟ್ಟಾಗಿಲ್ಲ ಎಂದು ನೋಡಿಕೊಂಡು, ಎಲ್ಲಿಯವರು ಎಂದು ಕೇಳಿದ. ಕುವೈತ್ ಎಂದೆ. ಅಲ್ಲಿ ಎಲ್ಲರೂ ಹೀಗೇ ಬಿಡುತ್ತಾರೋ ಎಂದ. ಹೌದು, ಅಲ್ಲಿ ಎಲ್ಲರೂ ಹೀಗೇ ಎಂದೆ. ಅವನು ನಗುತ್ತಾ ತಲೆ ಚಚ್ಚಿಕೊಂಡು ಹೋದ.

ಡೆನಿಸ್ ನಗಲಿಲ್ಲ. ಕೆಳಗಿಳಿದು ಮರಳಿನ ಮೇಲೆ ಕುಳಿತುಬಿಟ್ಟರು.

"ಕ್ಲೆಮೆಂಟಿಗೆ ಫೋನ್ ಮಾಡು. ಬಂದು ಕರ್ಕೊಂಡು ಹೋಗಲಿ" ಎಂದರು.

"ಅವ ಬರ್ಲಿಕ್ಕೆ ಮೂರು ಗಂಟೆ ಬೇಕು. ರಜೆ ಹಾಕಿ ಬರ್ಬೇಕು."

"ಮತ್ತೆಂತ ಮಾಡುವುದು? ನನ್ನ ಕೈಯಲ್ಲಿ ಆಗ್ಲಿಕ್ಕಿಲ್ಲ ಮಾರಾಯ್ತಿ."

ಆ ಮಾತು ಅವರ ಬಾಯಿಂದ ಬರುತ್ತದೆಂದು ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಸುಳ್ಳು ಯಾಕೆ, ಒಂದು ಕ್ಷಣ ನನಗೆ ಹೊಟ್ಟೆ ತಣ್ಣಗಾಯಿತು. ಮರುಕ್ಷಣವೇ ಅವರ ಮುಖ ನೋಡಿ ಅಯ್ಯೋ ಅನ್ನಿಸಿತು. ಬ್ಯಾಗಿನಿಂದ ಪ್ಲಾಸ್ಟಿಕ್ ಕವರ್ ತೆಗೆದೆ. ನರ್ಸಿಂಗ್ ಸರ್ಟಿಫಿಕೇಟಿನ ಹಿಂದೆ ಉಡುಪಿಯ ಲೈಸೆನ್ಸ್ ಇತ್ತು. ಇಂಗ್ಲಿಷಿನಲ್ಲಿರುವ ಪರದೇಶದ ಲೈಸೆನ್ಸ್ ಅಲ್ಲಿ ನಡೆಯುತ್ತದೆಂದು ಕ್ಲೆಮೆಂಟ್ ಮೊದಲ ದಿನವೇ ಹೇಳಿದ್ದ. ಆಗ ಡೆನಿಸ್ ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ.

"ಏಳಿ, ಆ ಕಡೆ ಕೂತ್ಕೊಳ್ಳಿ" ಎಂದೆ.

ಬಲಬದಿಯ ಸೀಟು, ಎಡಗೈಗೆ ಗೇರು. ಇವನ್ನು ಮುಟ್ಟಿ ಇಪ್ಪತ್ತು ವರ್ಷ ಕಳೆದಿತ್ತು. ಮರಳಿನಲ್ಲಿ ಚಕ್ರ ಒಮ್ಮೆ ತಿರುಗಿ ಸುಮ್ಮನಾಯಿತು. ಗಾಡಿ ಮರಳಿನಲ್ಲಿ ಹೂತರೆ ಅವಸರ ಮಾಡಬಾರದು ಎಂದು ಪಪ್ಪ ಮಲ್ಪೆಯಲ್ಲಿ ನೂರು ಸಲ ಹೇಳಿದ್ದರು. ನಿಧಾನವಾಗಿ ಕ್ಲಚ್ ಬಿಟ್ಟೆ. ಕಾರು ಎದ್ದು ರಸ್ತೆಗೆ ಬಂತು, ಹಿಂದೆ ಕಾರವಾನ್ ಬಂತು. ಎಡಕ್ಕೆ ಹಿಡಿದೆ. ಇಂಡಿಕೇಟರ್ ಹಾಕಿದರೆ ಇಂಡಿಕೇಟರೇ ಬಿತ್ತು. ಮೊದಲ ಹತ್ತು ಮೈಲಿ ನನ್ನ ಬೆನ್ನು ಬೆವರಿತ್ತು. ಆಮೇಲೆ ಭುಜ ಸಡಿಲವಾಯಿತು. ಅದರಾಚೆ ನಾನು ಹಾಡತೊಡಗಿದೆ. ಡೆನಿಸ್ ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಾ ಕುಳಿತಿದ್ದರು.

ಆದರೆ ಮುಂದಕ್ಕೆ ಬಿಡುವುದು ಸುಲಭ. ಸಂಜೆ ಡೊಂಗಾರಾ ಎಂಬ ಊರಿನ ಬಂದರು ತಲುಪಿದಾಗ ನಿಜವಾದ ಪರೀಕ್ಷೆ ಎದುರಾಯಿತು. ಕಾರವಾನುಗಳು ನಿಲ್ಲುವ ಜಾಗದಲ್ಲಿ ಉಳಿದಿದ್ದದ್ದು ಒಂದೇ ಸಂದು. ಎಡಕ್ಕೆ ಒಂದು ಹೊಸ ಕಾರವಾನ್, ಬಲಕ್ಕೆ ನೀರಿನ ನಲ್ಲಿಯ ಕಂಬ. ಅದರೊಳಗೆ ರಿವರ್ಸಿನಲ್ಲಿ ಹೋಗಬೇಕು. ಎದುರಿಗೆ ದಕ್ಕೆ, ಅಲ್ಲಿ ಪಂಜರ ರಿಪೇರಿ ಮಾಡುತ್ತಿದ್ದ ಏಳೆಂಟು ಮೀನುಗಾರರು ಕೆಲಸ ನಿಲ್ಲಿಸಿ ನೋಡತೊಡಗಿದರು. ಸೀರೆ ಉಟ್ಟಿರಲಿಲ್ಲ, ಚೂಡಿದಾರ್ ಹಾಕಿದ್ದೆ. ಆದರೂ ಅವರಿಗೆ ಇದು ದಿನಾ ಸಿಗುವ ತಮಾಷೆಯಲ್ಲ.

ಡೆನಿಸ್ ಇಳಿದು ಹಿಂದೆ ಹೋಗಿ ನಿಂತರು. ಎರಡೂ ಕೈ ಎತ್ತಿದರು. "ರೈಟ್, ರೈಟ್! ಇನ್ನೂ ರೈಟ್! ಅಯ್ಯೋ ಲೆಫ್ಟ್! ನಿಲ್ಲು ನಿಲ್ಲು!"

ಕಾರವಾನ್ ಅಡ್ಡ ತಿರುಗಿ ಕಾರಿಗೇ ಗುದ್ದುವ ಹಾಗೆ ನಿಂತಿತು. ಮುಂದೆ ತಂದು ಮತ್ತೆ ಹಾಕಿದೆ. ಮತ್ತೆ ಕೈಗಳು, ಮತ್ತೆ ಕೂಗು, ಮತ್ತೆ ಅಡ್ಡ. ಕನ್ನಡಿಯಲ್ಲಿ ನೋಡಿದೆ. ಕಂಬ ಅಲ್ಲೇ ಇತ್ತು, ಅದರ ಪಕ್ಕ ಬೀಸುವ ಆ ಎರಡು ಕೈಗಳು. ಕುವೈತಿನ ಮೈದಾನವೇ ಇಲ್ಲಿಗೆ ಬಂದಿತ್ತು. ಆರು ವರ್ಷ ನಾನು ಹೆದರಿದ್ದು ಕಂಬಕ್ಕಲ್ಲ ಎಂದು ಆಗ ನನಗೆ ಸ್ಪಷ್ಟವಾಯಿತು. ಕಿಟಕಿಯಿಂದ ತಲೆ ಹೊರಗೆ ಹಾಕಿದೆ.

"ಡೆನಿಸ್, ನೀವೊಂದು ಉಪಕಾರ ಮಾಡಿ. ಅಲ್ಲಿ ಅಂಗಡಿ ಉಂಟು. ಹೋಗಿ ಮೀನು ತನ್ನಿ."

"ಈಗ ಎಂತ ಮೀನು? ನಾನು ಹೇಳದಿದ್ರೆ ನೀನು..."

"ನೀವು ಹೇಳಿದ್ರೆ ನನಗೆ ಆಗುದಿಲ್ಲ. ಹೋಗಿ. ತಿರುಗಿ ನೋಡ್ಬೇಡಿ."

ವಾರ್ಡಿನಲ್ಲಿ ರೋಗಿಯ ಮಂಚದ ಸುತ್ತ ಗುಂಪುಗೂಡಿದ ನೆಂಟರನ್ನು ಹೊರಗೆ ಕಳಿಸುವ ಸ್ವರವದು. ಮನೆಯಲ್ಲಿ ಎಂದೂ ಬಳಸಿರಲಿಲ್ಲ. ಡೆನಿಸ್ ಅಂಗಡಿಯ ಕಡೆಗೆ ನಡೆದರು. ಪಪ್ಪ ಹೇಳಿಕೊಟ್ಟದ್ದು ಒಂದೇ ಮಾತು. ಟ್ರೈಲರ್ ರಿವರ್ಸ್ ಹೋಗುವಾಗ ಎಲ್ಲ ಉಲ್ಟಾ ಆಗುತ್ತದೆ, ಅದಕ್ಕೆ ಸ್ಟಿಯರಿಂಗಿನ ಕೆಳಭಾಗ ಹಿಡಿ. ಟ್ರೈಲರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆಗೆ ಸರಿಸು, ಅಷ್ಟೇ. ಕೈಯನ್ನು ಕೆಳಗೆ ಇಟ್ಟೆ. ಹಿಂದಿನದನ್ನು ಮಾತ್ರ ನೋಡಿದೆ. ಕಾರವಾನ್ ಸ್ವಲ್ಪ ಬಲಕ್ಕೆ ಬಾಗಿತು, ಕೈ ಎಡಕ್ಕೆ ಸರಿಸಿದೆ, ನೆಟ್ಟಗಾಯಿತು. ನಲ್ಲಿಯ ಕಂಬ ಪಕ್ಕದಲ್ಲಿ ನಿಧಾನವಾಗಿ ಮುಂದಕ್ಕೆ ಹೋಯಿತು. ಹಿಂದಿನ ಚಕ್ರ ಸಿಮೆಂಟಿನ ಅಂಚು ಮುಟ್ಟಿತು. ಬ್ರೇಕ್ ಹಾಕಿದೆ.

ದಕ್ಕೆಯ ಮೀನುಗಾರರು ಪಂಜರಗಳನ್ನು ಬಡಿದು ಬೊಬ್ಬೆ ಹೊಡೆದರು. ಒಬ್ಬ ಬಿಯರ್ ಕ್ಯಾನ್ ಎತ್ತಿ ಹಿಡಿದ. ನಾನು ಕಾರಿನಿಂದಿಳಿದು, ದೊಡ್ಡ ಜಂಬದಲ್ಲಿ, ಮದುವೆಯ ದಿನ ಚರ್ಚಿನ ಬಾಗಿಲಲ್ಲಿ ಮಾಡಿದ ಹಾಗೆ ಎಲ್ಲರಿಗೂ ಕೈ ಬೀಸಿದೆ. ಕಣ್ಣಲ್ಲಿ ನೀರು ಬಂದಿತ್ತು, ಅದನ್ನೂ ಒರೆಸಿಕೊಳ್ಳಲಿಲ್ಲ.

ಡೆನಿಸ್ ಪೇಪರಿನಲ್ಲಿ ಸುತ್ತಿದ ಕ್ರೇಫಿಶ್ ಹಿಡಿದು ಬಂದರು. ಕಾರವಾನಿನ ಸುತ್ತ ಒಂದು ಸುತ್ತು ನಡೆದರು. ಕಾರ್ಖಾನೆಯಲ್ಲಿ ಪೈಪು ಕೂರಿಸಿದ್ದನ್ನು ಪರೀಕ್ಷೆ ಮಾಡುವ ಫೋರ್‌ಮನ್ ಅಲ್ಲವೇ, ಎರಡೂ ಬದಿಯ ಜಾಗವನ್ನು ಪಾದದಿಂದ ಅಳೆದರು. ಎಡಕ್ಕೆ ಮೂರು ಪಾದ, ಬಲಕ್ಕೆ ಮೂರು ಪಾದ. ಆಮೇಲೆ ಮೆಟ್ಟಿಲ ಮೇಲೆ ಕುಳಿತರು.

"ಆ ದಿನ ಫೋನಿನಲ್ಲಿ ಹೇಳಿದೆನಲ್ಲ, ನಿನ್ನ ಕೈಯಲ್ಲಿ ಆಗ್ಲಿಕ್ಕಿಲ್ಲ ಅಂತ" ಎಂದರು. "ಕಾರು ಮುಟ್ಬೇಡ ಅಂದದ್ದು ಹೆದರಿಕೆಯಿಂದ. ಆದ್ರೆ ಅದೊಂದು ಮಾತು ಹೇಳ್ಬಾರ್ದಿತ್ತು. ಮಗು ಉಳೀದೆ ಹೋಗಿದ್ರೆ ನಾನು ಏನಾಗ್ತಿದ್ದೆನೋ. ಅದಕ್ಕೇ ಪ್ರತಿ ಟೆಸ್ಟಿಗೂ ಬರ್ತಿದ್ದೆ, ಹೇಗಾದ್ರೂ ಪಾಸ್ ಆಗ್ಲಿ ಅಂತ."

ಆರು ವರ್ಷ ನನ್ನನ್ನು ಕಂಬಕ್ಕೆ ಗುದ್ದಿಸಿದ್ದು ಈ ಮನುಷ್ಯನ ಪಶ್ಚಾತ್ತಾಪ! ನನಗೆ ಸಿಟ್ಟೂ ಬಂತು, ಪ್ರೀತಿಯೂ ಬಂತು. "ಇನ್ನು ಬರ್ಬೇಡಿ" ಎಂದೆ. "ಆಯ್ತು" ಎಂದರು. ಕ್ರೇಫಿಶ್ಶಿಗೆ ಮೆಣಸು ಹಚ್ಚಿ ಹುರಿದೆ. ಉಳಿದ ಹನ್ನೊಂದು ದಿನ, ಜೆರಾಲ್ಟನ್‌ವರೆಗೂ, ಅಲ್ಲಿಂದ ಪರ್ತ್‌ಗೂ ನಾನೇ ಬಿಟ್ಟೆ. ಡೆನಿಸ್ ಎಡಬದಿಯ ಸೀಟಿನಲ್ಲಿ ಕುಳಿತು ಮ್ಯಾಪನ್ನು ನಿಜವಾಗಿಯೂ ಓದಿದರು.

ಜನವರಿಯಲ್ಲಿ ಕುವೈತಿನಲ್ಲಿ ನನ್ನ ಏಳನೆಯ ಟೆಸ್ಟ್. ಅವತ್ತು ಡೆನಿಸ್ ಬೆಳಿಗ್ಗೆ ಐದೂವರೆಗೇ ಕೆಲಸಕ್ಕೆ ಹೋದರು. ಬಾಗಿಲಲ್ಲಿ ನಿಂತು ಏನೋ ಹೇಳಲು ಹೊರಟು, ನುಂಗಿಕೊಂಡು, ಶಿಲುಬೆಯ ಗುರುತು ಹಾಕಿ ಮೆಟ್ಟಿಲಿಳಿದರು. ಟೆಸ್ಟಿನ ಸಾಹೇಬರು ಮಾತು ಕಡಿಮೆಯವರು. ಕಾರಿನಲ್ಲಿ ಕುಳಿತು 'ಯಲ್ಲಾ', ಹೊರಡು, ಎಂದರು, ಕಂಬಗಳ ಹತ್ತಿರ ಬಂದಾಗ ಕೈಯಿಂದ ಹಿಂದಕ್ಕೆ ತೋರಿಸಿದರು. ಬೇಲಿಯಾಚೆ ನೋಡಿದೆ. ಯಾರೂ ಇರಲಿಲ್ಲ. ಸೈದು ಕೂಡ ಬೆನ್ನು ತಿರುಗಿಸಿ ಚಹಾ ಕುಡಿಯುತ್ತಿದ್ದ. ಹಿಂದೆ ಕಾರವಾನ್ ಇಲ್ಲದ ಕಾರು ಎಷ್ಟು ಹಗುರ, ದೇವರೇ! ಒಂದೇ ಸಲಕ್ಕೆ ಕಂಬಗಳ ಮಧ್ಯೆ ಹೋಗಿ ನಿಂತೆ. ಸಾಹೇಬರು ಕಾಗದದ ಮೇಲೆ ಗೀಚಿ 'ಖಲಾಸ್' ಎಂದರು. ಹಿಂದಿನ ಆರು ಸಲವೂ ಅದೇ ಮಾತು ಕೇಳಿದ್ದೆ. ಆದರೆ ಈ ಸಲ ಅವರು ನಗುತ್ತಿದ್ದರು.

ಮೇ ತಿಂಗಳ ಒಂದು ಮಧ್ಯಾಹ್ನ ಮತ್ತೆ ತೋಝ್ ಎದ್ದಿತು. ನಾನು ರಜೆಯಲ್ಲಿದ್ದೆ. ಡೆನಿಸ್ ಫೋನ್ ಮಾಡಿದರು. ಧೂಳಿಗೆ ಕಂಪನಿ ಬಸ್ಸು ಬರುವುದಿಲ್ಲವಂತೆ, ಗೇಟಿನ ಹತ್ತಿರ ಕಾಯುತ್ತಿದ್ದೇನೆ, ಬರುವುದು ತಡವಾಗುತ್ತದೆ ಎಂದರು.

"ನಾನು ಬರ್ತೇನೆ" ಎಂದೆ.

ಏಳು ವರ್ಷದ ಹಿಂದಿನ ಆ ಇಟ್ಟಿಗೆ ಬಣ್ಣವೇ ಕಿಟಕಿಯಾಚೆ ಇತ್ತು.

"ಲೈಟ್ ಹಾಕಿ ಬಾ, ಮೊಲ್ಲಿ" ಎಂದರು ಡೆನಿಸ್.

ಮೊಳೆಯಿಂದ ಕೀ ತೆಗೆದೆ. ಫಹಾಹೀಲ್ ದಾಟಿ ಶುಐಬಾದವರೆಗೆ ಮುಂದಿನ ಕಾರಿನ ಕೆಂಪು ದೀಪ ಬಿಟ್ಟರೆ ಏನೂ ಕಾಣಿಸಲಿಲ್ಲ. ನಿಧಾನವಾಗಿ, ಬಲಕ್ಕೆ ಹಿಡಿದು ಹೋದೆ. ಗೇಟಿನ ಹತ್ತಿರ ಟ್ಯಾಂಕರುಗಳು ಸಾಲಾಗಿ ನಿಂತಿದ್ದವು, ನಡುವೆ ಒಂದು ಕಾರಿನ ಸಂದು. ರಿವರ್ಸ್ ಹಾಕಿ ಒಂದೇ ಏಟಿಗೆ ಅದರೊಳಗೆ ನಿಲ್ಲಿಸಿದೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ನಿಂತಿದ್ದ ಕೆಲಸಗಾರರು ತಿರುಗಿ ನೋಡಿದರು. ಅವರೊಳಗಿನ ಒಂದು ಸ್ವರ ಧೂಳಿನಲ್ಲೂ ಕೇಳಿಸಿತು. "ಭಾಯಿ, ಅದು ನನ್ನ ಹೆಂಡತಿ! ಲಾರಿಯಷ್ಟು ದೊಡ್ಡ ಕಾರವಾನನ್ನೇ ರಿವರ್ಸ್ ಹಾಕಿದವಳು!"

ಡೆನಿಸ್ ಓಡಿ ಬಂದು ಎಡಬಾಗಿಲು ತೆರೆದರು. ಆಸ್ಟ್ರೇಲಿಯಾದ ಹನ್ನೊಂದು ದಿನದ ಅಭ್ಯಾಸವೋ, ಕುವೈತಿನ ಹದಿನೇಳು ವರ್ಷದ್ದೋ ನಾನರಿಯೆ. ಅಲ್ಲಿ ನಾನು ಕುಳಿತಿದ್ದೆ.

"ಮ್ಯಾಪ್ ಹುಡುಕ್ತಿದ್ದೀರಾ?" ಎಂದು ಕೇಳಿದೆ.

ಅವರು ಧೂಳು ಮೆತ್ತಿದ ಮುಖದಲ್ಲಿ ನಕ್ಕರು. ಬಾಗಿಲನ್ನು ಮೆತ್ತಗೆ ಮುಚ್ಚಿ, ಕಾರಿನ ಮುಂದಿನಿಂದ ಸುತ್ತು ಹಾಕಿ ಬಂದು ಬಲಗಡೆ ಕುಳಿತು ಬೆಲ್ಟ್ ಹಾಕಿಕೊಂಡರು. "ಯಲ್ಲಾ, ಹೋಗುವಾ" ಎಂದರು. ಮನೆ ತಲುಪುವವರೆಗೆ ಅವರ ಎರಡೂ ಕೈಗಳು ತೊಡೆಯ ಮೇಲೆ ಸುಮ್ಮನಿದ್ದವು.